ದಾರಿ ತೋರುವ ನಾಯಿಗೆ ರಕ್ಷಣೆ ಯಾರಿಂದ?

ಬೆಂಗಳೂರಿನ ಬಳ್ಳಾರಿ ರಸ್ತೆಯ ವಾಹನಗಳ ಗದ್ದಲವನ್ನು ಹಿಂದೆ ಬಿಟ್ಟು ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆವರಣವನ್ನು ಹೊಕ್ಕವರಿಗೆ, ಮರಗಳ ನೆರಳಿನಲ್ಲಿ ಸರದಿಗಾಗಿ ಕಾದಿರುವ ನಾನಾ ಬಗೆಯ ರೋಗಿಗಳು ಕಣ್ಣಿಗೆ ಬೀಳುತ್ತವೆ: ದೊಡ್ಡಬಳ್ಳಾಪುರದ ಕಡೆಯಿಂದ ಟೆಂಪೋ ಏರಿ ಬಂದ ಹಸು, ಆರ್.ಟಿ. ನಗರದ ಮನೆಯೊಂದರ ಮುದ್ದಿನ ಪಮೇರಿಯನ್, ಯಾರೋ ಪುಣ್ಯಾತ್ಮರ ಆಟೋದಲ್ಲಿ ಬಂದಿಳಿದ, ಕಾಲು ಮುರಿದ ಬೀದಿನಾಯಿ. 1958ರಲ್ಲಿ ಸ್ಥಾಪಿತವಾದ ಈ ಕಾಲೇಜಿನ ಆಸ್ಪತ್ರೆಗೆ ಇವುಗಳ ಜೊತೆಯಲ್ಲಿ, ಮನೆಯವರ ಪ್ರೀತಿಗಾಗಿ ಮಾತ್ರವಲ್ಲದೆ ದುಡಿಮೆಗಾಗಿಯೇ ಸಾಕಲ್ಪಟ್ಟ ನಾಯಿಗಳೂ ಬರುವುದುಂಟು. ಮುದ್ದಿನ ನಾಯಿಗೆ ಮನೆಮಂದಿಯೆಲ್ಲರೂ ರಕ್ಷಕರು. ಒಬ್ಬರು ಗದರಿಸಿದರೆ ಇನ್ನೊಬ್ಬರ ಮಂಚದ ಕೆಳಗೆ ಅದಕ್ಕೆ ಆಶ್ರಯವಿದೆ. ದುಡಿಯುವ ನಾಯಿಗಾದರೋ ಬೆಲ್ಟು ಹಿಡಿದ ಒಬ್ಬ ವ್ಯಕ್ತಿಯೇ ಅನ್ನದಾತ, ಆ ವ್ಯಕ್ತಿಯೇ ಯಜಮಾನ, ಆ ವ್ಯಕ್ತಿಯೇ ನ್ಯಾಯಾಧಿಪತಿ. ಆ ಕೈ ಕ್ರೂರವಾದರೆ, ಅಥವಾ ಕ್ರೂರವಾಗದೆ ಕೇವಲ ಅಲಕ್ಷ್ಯದಿಂದ ನಡೆದುಕೊಂಡರೆ, ಆ ಪ್ರಾಣಿಗೆ ಮೊರೆಯಿಡಲು ಇನ್ನೊಂದು ಬಾಗಿಲಿಲ್ಲ. ಅಂಧರಿಗೆ ದಾರಿ ತೋರುವ ನಾಯಿಯ ವಿಷಯದಲ್ಲಿ ಈ ಮಾತು ಎಲ್ಲಕ್ಕಿಂತ ಹೆಚ್ಚಾಗಿ ಸಲ್ಲುತ್ತದೆ. ಏಕೆಂದರೆ ಮನೆ, ರಸ್ತೆ, ಬಸ್ಸು, ಕಚೇರಿ ಎಲ್ಲೆಲ್ಲಿಯೂ ಅದು ಒಬ್ಬರನ್ನೇ ಅನುಸರಿಸಿ, ಅವರೊಡನೆಯೇ ತನ್ನ ಆಯುಷ್ಯದ ಬಹುಭಾಗವನ್ನು ಕಳೆಯುತ್ತದೆ.

ಅಂಥ ನಾಯಿಗಳು ನಮ್ಮ ರಾಜ್ಯದಲ್ಲಿ ಅತಿ ವಿರಳ. ಯಲಹಂಕ ಉಪನಗರದಲ್ಲಿ ಮಾತೃ ಅಂಧ ಮಕ್ಕಳ ಶಾಲೆಯಿದೆ, ಜೆ.ಪಿ. ನಗರದಲ್ಲಿ 1969ರಿಂದ ರಮಣ ಮಹರ್ಷಿ ಅಂಧರ ಅಕಾಡೆಮಿ ನಡೆದುಬಂದಿದೆ; ಆದರೆ ನಮ್ಮ ಅಂಧ ವಿದ್ಯಾರ್ಥಿಗಳು ರೂಢಿಯಾಗಿ ಕಲಿಯುವುದು ಬಿಳಿಯ ಕೋಲಿನ ನಡಿಗೆಯನ್ನು. ಒಂದು ನಾಯಿಯನ್ನು ಪಳಗಿಸಲು ತಗಲುವ ಅಪಾರ ವೆಚ್ಚ, ಒಡೆದ ಹಾಸುಗಲ್ಲುಗಳ ಫುಟ್‌ಪಾತು, ಬೀದಿಬೀದಿಯಲ್ಲಿ ತಮ್ಮ ಗಡಿಯನ್ನು ಕಾಯುವ ನಾಯಿಗಳ ಗುಂಪು, ಇವೆಲ್ಲ ಅದಕ್ಕೆ ಕಾರಣಗಳು. ಹಾಗಿದ್ದರೂ ಹೆಬ್ಬಾಳದ ಮೇಲುಸೇತುವೆಯ ಆಚೆ ವಿಮಾನ ನಿಲ್ದಾಣವಿರುವ ಈ ಊರಿಗೆ ಇಂದಲ್ಲ ನಾಳೆ ಇಂಥ ಜೋಡಿಗಳು ಬಂದೇ ಬರುತ್ತವೆ. ಅವು ಬಂದಮೇಲೆ ಏನು ಮಾಡಬೇಕೆಂದು ಯೋಚಿಸುವುದಕ್ಕಿಂತ ಮುಂಚಿತವಾಗಿಯೇ ತಿಳಿದಿರುವುದು ಲೇಸು. ಇಲ್ಲಿ ಹೇಳುವ ಬಹುತೇಕ ಸಂಗತಿಗಳು ಗೋದಾಮು ಕಾಯುವ ನಾಯಿಗೂ, ಅಪಾರ್ಟ್‌ಮೆಂಟಿನಲ್ಲಿ ಸಂಬಳದವರ ಕೈಯಲ್ಲಿ ವಾಕಿಂಗ್ ಹೋಗುವ ನಾಯಿಗೂ ಇಂದೇ ಅನ್ವಯಿಸುತ್ತವೆ.

ಅಂಧರಿಗೆ ದಾರಿ ತೋರಲು ನಾಯಿಯನ್ನು ಪಳಗಿಸುವ ವಿದ್ಯೆ ವ್ಯವಸ್ಥಿತ ರೂಪವನ್ನು ಪಡೆದದ್ದು ಯುದ್ಧಕಾಲದಲ್ಲಿ. ಮೊದಲನೆಯ ಮಹಾಯುದ್ಧದಲ್ಲಿ ದೃಷ್ಟಿ ಕಳೆದುಕೊಂಡು ಮರಳಿದ ಸೈನಿಕರಿಗಾಗಿ ಜರ್ಮನಿಯ ಓಲ್ಡನ್‌ಬರ್ಗ್ ಪಟ್ಟಣದಲ್ಲಿ 1916ರಲ್ಲಿ ಮೊದಲ ಶಾಲೆ ತೆರೆಯಿತು. 1928ರಲ್ಲಿ ಮಾರಿಸ್ ಫ್ರ್ಯಾಂಕ್ ಎಂಬ ಅಮೆರಿಕದ ಅಂಧ ತರುಣನು ಸ್ವಿಟ್ಜರ್ಲೆಂಡಿಗೆ ಹೋಗಿ, ಡೊರೊತಿ ಯೂಸ್ಟಿಸ್ ಎಂಬಾಕೆಯ ಕೇಂದ್ರದಲ್ಲಿ ‘ಬಡ್ಡಿ’ ಎಂಬ ಹೆಣ್ಣು ಜರ್ಮನ್ ಶೆಫರ್ಡ್ ನಾಯಿಯೊಡನೆ ಪಳಗಿ ತವರಿಗೆ ಮರಳಿದನು. ಮರುವರ್ಷವೇ ಅಮೆರಿಕದಲ್ಲಿ ‘ದಿ ಸೀಯಿಂಗ್ ಐ’ ಎಂಬ ಸಂಸ್ಥೆ ಹುಟ್ಟಿತು. 1931ರಲ್ಲಿ ಇಂಗ್ಲೆಂಡಿನ ವಾಲಸಿಯಲ್ಲಿ ಮೊದಲ ನಾಲ್ಕು ಜೋಡಿಗಳು ಸಿದ್ಧವಾದವು. ಇಂದು ಈ ಕೆಲಸಕ್ಕೆ ಹೆಚ್ಚಾಗಿ ಲ್ಯಾಬ್ರಡಾರ್, ಗೋಲ್ಡನ್ ರಿಟ್ರೀವರ್ ಮತ್ತು ಇವೆರಡರ ಮಿಶ್ರತಳಿಯನ್ನು ಆರಿಸುತ್ತಾರೆ. ಮರಿಯು ಒಂದು ವರ್ಷಕ್ಕೂ ಮಿಗಿಲಾಗಿ ಸ್ವಯಂಸೇವಕರ ಮನೆಯಲ್ಲಿ ಬೆಳೆದು, ಅನಂತರ ಹಲವು ತಿಂಗಳು ಶಿಕ್ಷಕರ ಕೈಯಲ್ಲಿ ಪಳಗಿ, ಕಡೆಗೆ ಕೆಲವು ವಾರಗಳ ಕಾಲ ತನ್ನ ಅಂಧ ಒಡನಾಡಿಯ ಜೊತೆಗೂಡಿ ಕಲಿತು, ಎರಡನೆಯ ವರ್ಷದ ಸುಮಾರಿಗೆ ಕೆಲಸಕ್ಕೆ ತೊಡಗುತ್ತದೆ.

ಈ ನಾಯಿ ಏನು ಮಾಡುತ್ತದೆ, ಏನು ಮಾಡಲಾರದು ಎಂಬುದನ್ನು ತಿಳಿಯದೆ ಅದರ ಮೇಲಾಗುವ ದೌರ್ಜನ್ಯ ಅರ್ಥವಾಗುವುದಿಲ್ಲ. ಕೆಂಪಾಪುರಕ್ಕೆ ಹೋಗುವ ದಾರಿ ಯಾವುದೆಂದು ನಾಯಿಗೆ ಗೊತ್ತಿಲ್ಲ. ಅದನ್ನು ಬಲ್ಲವರು ನಾಯಿಯ ಮೈಗೆ ತೊಡಿಸಿದ ಹಾರ್ನೆಸ್ ಎಂಬ ಪಟ್ಟಿಯ ಹಿಡಿಕೆ ಹಿಡಿದವರು. ಸಿಗ್ನಲ್ಲಿನ ಕೆಂಪು ಹಸಿರುಗಳ ಭೇದವೂ ನಾಯಿಯ ಕಣ್ಣಿಗೆ ಸ್ಪಷ್ಟವಲ್ಲ. ವಾಹನಗಳ ಸದ್ದನ್ನು ಆಲಿಸಿ ರಸ್ತೆ ದಾಟುವ ತೀರ್ಮಾನ ಮಾಡತಕ್ಕವರೂ ಅವರೇ. ನಾಯಿಯ ಪಾಲಿನ ಕೆಲಸವೆಂದರೆ ಮೆಟ್ಟಿಲ ಬಳಿ ನಿಲ್ಲುವುದು, ಅಡ್ಡ ನಿಂತ ಸ್ಕೂಟರನ್ನು ಬಳಸಿಕೊಂಡು ಹೋಗುವುದು, ತಲೆಯ ಎತ್ತರದಲ್ಲಿ ಬಾಗಿದ ಕೊಂಬೆಯಿಂದ ಒಡನಾಡಿಯನ್ನು ತಪ್ಪಿಸುವುದು. ಎಲ್ಲಕ್ಕಿಂತ ಮುಖ್ಯವಾಗಿ, ಮುಂದೆ ಅಪಾಯವಿರುವಾಗ ‘ನಡೆ’ ಎಂಬ ಆಜ್ಞೆಯನ್ನು ಮೀರಿ ಅಲ್ಲಿಯೇ ನಿಂತುಬಿಡುವುದು. ಚರಂಡಿಯ ಮೇಲಿನ ಚಪ್ಪಡಿ ತೆರೆದಿದ್ದರೆ, ಆತುರದಲ್ಲಿರುವವರು ಎಷ್ಟು ಒತ್ತಾಯಿಸಿದರೂ ಒಳ್ಳೆಯ ನಾಯಿ ಹೆಜ್ಜೆ ಇಡುವುದಿಲ್ಲ. ಅಪಾಯವೇನೆಂದು ಕಾಣದ ಒಡನಾಡಿಗೆ ಇದು ಹಟವೆಂದು ತೋರಬಹುದು. ಕಚೇರಿಗೆ ಹೊತ್ತಾಗಿರುತ್ತದೆ, ಹಿಂದೆ ಬರುವವರು ಗೊಣಗುತ್ತಿರುತ್ತಾರೆ, ಬೆಲ್ಟನ್ನು ಜಗ್ಗಿ ಒಂದು ಏಟು ಬಿಗಿಯುವ ಮನಸ್ಸಾಗುತ್ತದೆ. ಹೀಗೆ ನಾಯಿಯು ತನ್ನ ಪರಮ ಗುಣಕ್ಕಾಗಿಯೇ ಪೆಟ್ಟು ತಿನ್ನುವ ಸನ್ನಿವೇಶ ಒದಗುತ್ತದೆ. ಪದೇ ಪದೇ ಹೀಗಾದರೆ ಆ ನಾಯಿ ನಿಲ್ಲುವುದನ್ನೇ ಬಿಡುತ್ತದೆ. ಆ ದಿನದಿಂದ ಇಬ್ಬರ ಜೀವಕ್ಕೂ ಕುತ್ತು. ಆದಕಾರಣ ಇಂಥ ನಾಯಿಯನ್ನು ಪಡೆಯುವವರು ಮೊಟ್ಟಮೊದಲು ಕಲಿಯಬೇಕಾದದ್ದು, ನಾಯಿ ನಿಂತರೆ ತಾವೂ ನಿಂತು, ಕಾಲಿನಿಂದಲೋ ಕೋಲಿನಿಂದಲೋ ಮುಂದಿನ ನೆಲವನ್ನು ತಡವಿ ನೋಡುವ ತಾಳ್ಮೆಯನ್ನು.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳುವುದು ನ್ಯಾಯ. ನಾಯಿಯನ್ನು ಹಿಂಸಿಸುವವರು ಅಂಧರಲ್ಲಿ ಹೆಚ್ಚು ಎಂಬ ಭಾವನೆಗೆ ಯಾವ ಆಧಾರವೂ ಇಲ್ಲ. ತನ್ನ ನಡಿಗೆಯ ಸ್ವಾತಂತ್ರ್ಯವನ್ನೇ ಒಂದು ಪ್ರಾಣಿಯಿಂದ ಪಡೆದವರು ಅದನ್ನು ಕೃತಜ್ಞತೆಯಿಂದ ಕಾಣುವುದೇ ಸಹಜ. ಆದರೂ ಎಲ್ಲ ಮನುಷ್ಯವರ್ಗಗಳಲ್ಲಿಯೂ ಸಿಡುಕಿನವರು, ಸೋಮಾರಿಗಳು, ದುಃಖದ ಭಾರವನ್ನು ದುರ್ಬಲರ ಮೇಲೆ ಇಳಿಸುವವರು ಇರುವಂತೆ ಇಲ್ಲಿಯೂ ಕೆಲವರು ಇರಬಹುದು. ‘ಪಾಪ, ಕಣ್ಣಿಲ್ಲದವರು’ ಎಂಬ ಕನಿಕರದಿಂದ ನಾಯಿಯ ನೋವನ್ನು ನೋಡಿಯೂ ನೋಡದಂತೆ ಹೋಗುವುದು ಆ ವ್ಯಕ್ತಿಗೆ ತೋರಿದ ಗೌರವವಲ್ಲ. ಜವಾಬ್ದಾರಿ ಹೊರಬಲ್ಲವರೆಂದು ಅವರನ್ನು ಎಣಿಸದ ಅಗೌರವ. ಕಣ್ಣಿರುವವರಿಂದ ಎಷ್ಟನ್ನು ನಿರೀಕ್ಷಿಸುತ್ತೇವೆಯೋ ಅಷ್ಟನ್ನೇ ಅವರಿಂದಲೂ ನಿರೀಕ್ಷಿಸುವುದು ಸಮಾನತೆ.

ಹಾಗಾದರೆ ಶಿಸ್ತು ಯಾವುದು, ಹಿಂಸೆ ಯಾವುದು? ಬೀದಿಯಲ್ಲಿ ಬಿದ್ದ ಎಲುಬಿನ ಕಡೆಗೆ ಮೂಗು ಚಾಚಿದ ನಾಯಿಯನ್ನು ಬೆಲ್ಟಿನ ಒಂದು ಚಿಕ್ಕ ಎಳೆತದಿಂದಲೋ ಗಂಭೀರವಾದ ಒಂದು ‘ಬೇಡ’ ಎಂಬ ಮಾತಿನಿಂದಲೋ ತಿದ್ದಿ, ಅದು ಕೇಳಿದೊಡನೆ ಹೊಗಳಿ ಮುಂದೆ ಸಾಗುವುದು ಶಿಸ್ತು. ಅದು ಕ್ಷಣದಲ್ಲಿ ಮುಗಿಯುತ್ತದೆ. ನಾಯಿಯ ಬಾಲ ಮತ್ತೆ ಮೊದಲಿನಂತೆ ಆಡುತ್ತದೆ. ಮುಂಗಾಲು ನೆಲ ಬಿಡುವಂತೆ ಕೊರಳಪಟ್ಟಿಯನ್ನು ಮೇಲೆತ್ತಿ ಹಿಡಿಯುವುದು, ಒದೆಯುವುದು, ಚೈನಿನಿಂದಲೋ ಕೋಲಿನಿಂದಲೋ ಬಾರಿಸುವುದು, ತಪ್ಪು ನಡೆದು ಎಷ್ಟೋ ಹೊತ್ತಾದ ಮೇಲೆ ಮನೆಗೆ ಬಂದು ದಂಡಿಸುವುದು, ಶಿಕ್ಷೆಯೆಂದು ಊಟ ನೀರು ತಪ್ಪಿಸುವುದು, ಇವು ಯಾವ ಶಿಕ್ಷಣಪದ್ಧತಿಗೂ ಸೇರಿದವಲ್ಲ. ಇಂಥ ಕೈಯಲ್ಲಿರುವ ನಾಯಿ ತಾನೇ ಅದನ್ನು ತನ್ನ ದೇಹದಿಂದ ಹೇಳುತ್ತದೆ. ಹಾರ್ನೆಸ್ ತೆಗೆದುಕೊಂಡಾಗ ಸಂತೋಷದಿಂದ ತಲೆಯೊಡ್ಡಬೇಕಾದ ನಾಯಿ ಮೂಲೆಗೆ ಸರಿಯುತ್ತದೆ. ಒಡೆಯರ ಕೈ ಮೇಲೆದ್ದರೆ ಕಿವಿ ಹಿಂದಕ್ಕೆ ಮಡಿಸಿ ಬಾಲವನ್ನು ಕಾಲಸಂದಿಗೆ ಸೇರಿಸುತ್ತದೆ. ನಿದ್ದೆಯ ಕಾರಣವಿಲ್ಲದೆ ಮತ್ತೆ ಮತ್ತೆ ಆಕಳಿಸುತ್ತದೆ, ತುಟಿ ನೆಕ್ಕಿಕೊಳ್ಳುತ್ತದೆ. ಇವುಗಳಲ್ಲಿ ಒಂದನ್ನೇ ಕಂಡು ತೀರ್ಪು ಕೊಡಬಾರದು. ಹಲವು ಲಕ್ಷಣಗಳು ಕೂಡಿ, ಬೇರೆ ಬೇರೆ ದಿನಗಳಲ್ಲಿ ಕಂಡುಬಂದರೆ ಸಂದೇಹಕ್ಕೆ ಕಾರಣವಿದೆ.

ಪೆಟ್ಟಿಗಿಂತಲೂ ಹೆಚ್ಚು ಸಾಮಾನ್ಯವಾದದ್ದು ಅಲಕ್ಷ್ಯ. ಇದರಲ್ಲಿ ಬಹುಪಾಲು ದುಷ್ಟತನದಿಂದಲ್ಲ, ತಿಳಿವಳಿಕೆಯ ಕೊರತೆಯಿಂದ ಉಂಟಾಗುತ್ತದೆ. ಒಳ್ಳೆಯ ಶಾಲೆಗಳು ತಮ್ಮ ಅಂಧ ವಿದ್ಯಾರ್ಥಿಗಳಿಗೆ ಕೈಯಿಂದಲೇ ನಾಯಿಯನ್ನು ಪರೀಕ್ಷಿಸುವ ಕ್ರಮವನ್ನು ಕಲಿಸುತ್ತವೆ. ನಾಯಿಯನ್ನು ನಿಲ್ಲಿಸಿಕೊಂಡು, ಮೂತಿಯಿಂದ ಆರಂಭಿಸಿ, ಕಿವಿಯ ಒಳಮಡಿಕೆಯನ್ನು ಬೆರಳಿನಿಂದ ಸವರಿ ಮೂಸಿ ನೋಡುತ್ತಾರೆ. ಹುಳಿ ನಾತವಿದ್ದರೆ ಕಿವಿಸೋಂಕು. ಅಲ್ಲಿಂದ ಕೊರಳಪಟ್ಟಿಯ ಕೆಳಗೆ, ಮುಂಗಾಲಿನ ಕಂಕುಳಿಗೆ, ಹೊಟ್ಟೆಯ ಅಡಿಗೆ, ಒಂದೊಂದು ಪಾದದ ಬೆರಳ ಸಂದಿಗೆ ಕೈ ಹೋಗುತ್ತದೆ. ಉಣ್ಣಿಗಳು ಅಡಗುವುದು ಇಲ್ಲಿಯೇ. ರಕ್ತ ಕುಡಿದು ಉಬ್ಬಿದ ಉಣ್ಣಿ ಬೆರಳಿಗೆ ನೆನೆದ ಹುರುಳಿಕಾಳಿನಂತೆ ತಗಲುತ್ತದೆ. ಬೆಂಗಳೂರಿನಲ್ಲಿ ಉಣ್ಣಿಜ್ವರ ನಾಯಿಗಳನ್ನು ಕೊಲ್ಲುವ ರೋಗಗಳಲ್ಲೊಂದಾದ್ದರಿಂದ ಈ ತಪಾಸಣೆ ಒಂದು ದಿನವೂ ತಪ್ಪತಕ್ಕದ್ದಲ್ಲ. ಪಕ್ಕೆಯ ಮೇಲೆ ಅಂಗೈ ಇಟ್ಟಾಗ ಎಲುಬುಗಳು ತೆಳುವಾದ ಮಾಂಸದ ಅಡಿಯಲ್ಲಿ ಎಣಿಕೆಗೆ ಸಿಗಬೇಕು. ಮುಳ್ಳಿನಂತೆ ಎದ್ದಿದ್ದರೆ ಹಸಿವು, ಸಿಗದೆಯೇ ಹೋದರೆ ಬೊಜ್ಜು. ಬೊಜ್ಜನ್ನು ನಮ್ಮವರು ಸುಖದ ಗುರುತೆಂದು ಭಾವಿಸುತ್ತಾರೆ. ಕೀಲುಗಳ ಮೇಲೆ ದಿನವೂ ದುಡಿಯುವ ನಾಯಿಗೆ ಅದು ನಿಧಾನವಾದ ಹಿಂಸೆಯೇ ಸರಿ.

ಹಾರ್ನೆಸ್ಸಿನ ವಿಷಯವನ್ನು ಇನ್ನಷ್ಟು ಬಿಡಿಸಿ ಹೇಳಬೇಕು. ಎದೆಪಟ್ಟಿ ಮತ್ತು ಹೊಟ್ಟೆಪಟ್ಟಿಗಳ ಅಡಿಯಲ್ಲಿ ಎರಡು ಬೆರಳು ಸಲೀಸಾಗಿ ಹೋಗಬೇಕು. ಹೋಗದಿದ್ದರೆ ಬಿಗಿ, ಇಡೀ ಅಂಗೈ ಹೋದರೆ ಸಡಿಲ, ಸಡಿಲವಾದದ್ದು ಉಜ್ಜಿ ಹುಣ್ಣು ಮಾಡುತ್ತದೆ. ನಾಯಿ ಬೆಳೆದು ದಪ್ಪವಾದಂತೆ, ಮುದಿಯಾಗಿ ಸೊರಗಿದಂತೆ ಅಳತೆ ಬದಲಾಗುತ್ತದೆ. ಕಂಕುಳಲ್ಲಿ ಕೂದಲುದುರಿದ ಒಂದು ಬೋಳು ಜಾಗ ಬೆರಳಿಗೆ ಸಿಕ್ಕಿದರೆ ಅಂದೇ ಹಾರ್ನೆಸ್ಸನ್ನು ಕಳಚಿಟ್ಟು ವೈದ್ಯರಿಗೆ ತೋರಿಸಬೇಕು. ಇಷ್ಟೆಲ್ಲ ಸ್ಪರ್ಶಜ್ಞಾನಕ್ಕೂ ಸಿಗದ ಕೆಲವು ಸಂಗತಿಗಳಿವೆ: ಮೂತ್ರದಲ್ಲಿ ಕಂಡ ರಕ್ತ, ಹಳದಿಗಟ್ಟಿದ ಒಸಡು, ಕಣ್ಣಿನ ಕೆಂಪು, ಪೊರೆ. ಆದುದರಿಂದ ವಾರಕ್ಕೊಮ್ಮೆ ಕಣ್ಣಿರುವ ಬಂಧುವೋ ಮಿತ್ರರೋ ನಾಯಿಯನ್ನು ಹಗಲುಬೆಳಕಿನಲ್ಲಿ ನಿಲ್ಲಿಸಿ ನೋಡಬೇಕು. ಆರು ತಿಂಗಳಿಗೊಮ್ಮೆಯಾದರೂ ಪಶುವೈದ್ಯರು ಪರೀಕ್ಷಿಸಬೇಕು. ರೇಬೀಸ್ ಚುಚ್ಚುಮದ್ದು ಮತ್ತು ಇಲಿಜ್ವರದ ಲಸಿಕೆಗಳು ಕಾಲಕಾಲಕ್ಕೆ ಆಗಬೇಕು. ಇಂಥ ಮನೆಯ ನೆರೆಯಲ್ಲಿರುವವರು ದೂರು ಕೊಡುವ ಸಂದರ್ಭಕ್ಕಾಗಿ ಕಾಯದೆ, ‘ಅಕ್ಕಾ, ಈ ಭಾನುವಾರ ಸ್ವಲ್ಪ ನೋಡಿಕೊಡಲೆ?’ ಎಂದು ತಾವಾಗಿಯೇ ಕೇಳಿದರೆ ಅಲಕ್ಷ್ಯದ ಅರ್ಧಕ್ಕರ್ಧ ಅಲ್ಲಿಯೇ ಪರಿಹಾರವಾದೀತು.

ಬಿಸಿಲು, ನೀರು, ಆಹಾರ ಇವುಗಳ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಏಪ್ರಿಲ್ ತಿಂಗಳ ಮಧ್ಯಾಹ್ನದ ಡಾಂಬರಿನ ಮೇಲೆ ಅಂಗೈಯ ಹಿಂಭಾಗವನ್ನು ಏಳೆಂಟು ಸೆಕೆಂಡು ಇಡಲಾಗದಿದ್ದರೆ ಆ ನೆಲ ನಾಯಿಯ ಪಾದಕ್ಕೂ ಸುಡುತ್ತದೆ. ಮೂವತ್ತು ಕಿಲೋ ತೂಕದ ಲ್ಯಾಬ್ರಡಾರಿಗೆ ದಿನಕ್ಕೆ ಒಂದೂವರೆಯಿಂದ ಎರಡು ಲೀಟರು ನೀರು ಬೇಕು. ಹೊರಗೆ ಹೊರಟವರ ಚೀಲದಲ್ಲಿ ಅದರ ಬಟ್ಟಲೂ ಇರಬೇಕು. ಪ್ರಸಾದವೆಂದು ಪ್ರೀತಿಯಿಂದ ಕೊಡುವ ಒಣದ್ರಾಕ್ಷಿ, ಮಕ್ಕಳು ಕೊಡುವ ಚಾಕೊಲೇಟು, ಈರುಳ್ಳಿ ಹಾಕಿದ ಪಲ್ಯ ನಾಯಿಗೆ ವಿಷಸಮಾನ. ದೀಪಾವಳಿಯ ಪಟಾಕಿಗೆ ಬೆದರಿದ ನಾಯಿ ಅನಂತರ ರಸ್ತೆಯ ಸದ್ದಿಗೇ ನಡುಗಿ ಕೆಲಸಕ್ಕೆ ಬಾರದಂತಾಗುವುದುಂಟು. ಆ ಮೂರು ದಿನ ಸಂಜೆ ಅದನ್ನು ಹೊರಗೆ ತರದೆ, ಬಾಗಿಲು ಮುಚ್ಚಿದ ಒಳಕೋಣೆಯಲ್ಲಿ ಜೊತೆಗೊಬ್ಬರು ಇರುವುದು ಕ್ಷೇಮ.

ದುಡಿಮೆಯ ಮಿತಿಯನ್ನು ಮೀರುವುದೂ ಹಿಂಸೆಯ ಒಂದು ಬಗೆ. ಹಾರ್ನೆಸ್ ಮೈಮೇಲಿರುವಷ್ಟು ಹೊತ್ತೂ ಆ ನಾಯಿ ಏಕಾಗ್ರಚಿತ್ತದಿಂದ ಕೂಡಿರಬೇಕಾಗುತ್ತದೆ. ಮನೆಗೆ ಬಂದೊಡನೆ ಅದನ್ನು ಕಳಚಿ, ಓಡಲು, ಉರುಳಾಡಲು, ಬೇರೆ ನಾಯಿಯನ್ನು ಮೂಸಲು ಬಿಡದಿದ್ದರೆ ಅದರ ಚೇತನವೇ ಕುಗ್ಗುತ್ತದೆ. ಹತ್ತು ವರ್ಷದ ಸುಮಾರಿಗೆ ಅದಕ್ಕೆ ನಿವೃತ್ತಿ ಕೊಡುವುದು ಲೋಕರೂಢಿ. ಹೊಸ ನಾಯಿ ಸಿಗುವುದು ತಡವೆಂಬ ಕಾರಣಕ್ಕೆ, ಕುಂಟುವ ಮುದಿನಾಯಿಯನ್ನು ಇನ್ನೂ ಒಂದು ವರ್ಷ ನಡೆಸುವ ಆಸೆ ಎಷ್ಟೇ ಅರ್ಥವಾಗತಕ್ಕದ್ದಾದರೂ ಒಪ್ಪತಕ್ಕದ್ದಲ್ಲ. ಅಂಥ ಅಂತರದಲ್ಲಿ ಬಿಳಿಯ ಕೋಲಿಗೆ ಮರಳುವ ಅಭ್ಯಾಸವನ್ನು ಉಳಿಸಿಕೊಂಡಿರುವುದು ನಾಯಿಯ ರಕ್ಷಣೆಗೂ ಸಾಧಕ.

ಹೊರದೇಶಗಳಲ್ಲಿ ಈ ರಕ್ಷಣೆಯ ಮೊದಲ ಹೊಣೆ ಶಾಲೆಯದು. ಬ್ರಿಟನ್ನಿನ ಸಂಸ್ಥೆ ನಾಯಿಯ ಒಡೆತನವನ್ನು ತನ್ನಲ್ಲಿಯೇ ಉಳಿಸಿಕೊಳ್ಳುತ್ತದೆ. ಅಮೆರಿಕದ ‘ಸೀಯಿಂಗ್ ಐ’ ಸಂಸ್ಥೆಯು ಪೂರ್ಣ ಒಡೆತನವನ್ನು ಅಂಧರಿಗೇ ಒಪ್ಪಿಸುವ ಸಂಪ್ರದಾಯವನ್ನು ಪಾಲಿಸಿದೆ. ಮೊದಲನೆಯದರಲ್ಲಿ ನಾಯಿ ಕಷ್ಟದಲ್ಲಿದ್ದರೆ ಹಿಂದಕ್ಕೆ ಪಡೆಯುವುದು ಸುಲಭ; ಎರಡನೆಯದರಲ್ಲಿ ಅಂಧರ ಸ್ವಾತಂತ್ರ್ಯಕ್ಕೆ ಹೆಚ್ಚು ಮನ್ನಣೆ. ಎರಡಕ್ಕೂ ಅವುಗಳದೇ ನ್ಯಾಯವಿದೆ. ಆದರೆ ನಮ್ಮಲ್ಲಿ ಇಂಥ ಶಾಲೆಯನ್ನು ಕಟ್ಟುವವರು ಯಾರೇ ಆಗಲಿ, ಮೊದಲ ಕೆಲವು ವರ್ಷಗಳಾದರೂ ಒಡೆತನವನ್ನು ಸಂಸ್ಥೆಯಲ್ಲಿಯೇ ಇರಿಸಿ, ವರ್ಷಕ್ಕೊಮ್ಮೆ ಮನೆಗೆ ಹೋಗಿ ನೋಡುವ, ನಾಯಿಯ ತೂಕವನ್ನು ದಾಖಲಿಸುವ, ದೂರು ಬಂದರೆ ಇಬ್ಬರ ಮಾತನ್ನೂ ಕೇಳಿ ತೀರ್ಮಾನಿಸುವ ಏರ್ಪಾಡನ್ನು ಕರಾರಿನಲ್ಲಿಯೇ ಬರೆಯಬೇಕೆಂದು ನಾನು ಭಾವಿಸುತ್ತೇನೆ. ದಾನಿಗಳು ಹಣ ಕೊಡುವ ಮುನ್ನ ಈ ಕರಾರನ್ನು ಕೇಳಿ ನೋಡಬೇಕು. ನಾಯಿಯನ್ನು ಒಪ್ಪಿಸಿ ಫೋಟೋ ತೆಗೆಸಿಕೊಂಡು ಮರೆತುಬಿಡುವ ಸಂಸ್ಥೆ ನಾಯಿಗೂ ಅಂಧರಿಗೂ ಸಮಾನವಾಗಿ ಅನ್ಯಾಯ ಮಾಡಿದಂತೆ.

ಒಂದು ನಾಯಿಯ ಹೊಣೆಯನ್ನು ಅದರ ಒಡೆಯನಲ್ಲದ ಮೂರನೆಯವರ ಮೇಲೂ ಹೊರಿಸುವುದು ಕನ್ನಡ ನಾಡಿಗೆ ಹೊಸದೇನಲ್ಲ. ಕ್ರಿ.ಶ. 949ರ ಸುಮಾರಿನ ಆತಕೂರು ಶಾಸನವನ್ನು ಬಲ್ಲವರು ಬಲ್ಲರು. ತಕ್ಕೋಲದ ಯುದ್ಧದಲ್ಲಿ ಶೌರ್ಯ ಮೆರೆದ ಮಣಲೆರನೆಂಬ ವೀರನಿಗೆ ಗಂಗರ ದೊರೆ ಬೂತುಗನು ಬೇಕಾದುದನ್ನು ಕೇಳೆಂದಾಗ, ಅವನು ಬೇಡಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಕಾಡುಹಂದಿಯೊಡನೆ ಹೋರಾಡಿ ಹಂದಿಯೂ ಕಾಳಿಯೂ ಮಡಿದಮೇಲೆ, ಆತಕೂರಿನ ದೇವಾಲಯದ ಮುಂದೆ ಕಲ್ಲು ನಿಲ್ಲಿಸಿ, ಅದರ ಪೂಜೆಗೆ ಭೂಮಿಯನ್ನು ಬಿಟ್ಟು, ನೋಡಿಕೊಳ್ಳುವ ಗೊರವನೆಂಬ ಶೈವ ಪೂಜಾರಿಗೆ ಕಟ್ಟಳೆಯನ್ನೂ ವಿಧಿಸಿದರು. ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಹೆಬ್ಬಾಳದಿಂದ ಬಸ್ಸು ಹಿಡಿದು ಹೋಗಿ ನೋಡಬಹುದು. ಸತ್ತ ನಾಯಿಯ ಕಲ್ಲನ್ನು ಕಾಯಲು ಒಬ್ಬನನ್ನು ನೇಮಿಸಿದ ನಾಡು, ಬದುಕಿರುವ ನಾಯಿಯನ್ನು ಕಾಯುವ ಕರ್ತವ್ಯವನ್ನು ಒಲ್ಲೆನೆನ್ನಬಾರದು.

ಈಗ ದಾರಿಹೋಕರ ಮಾತಿಗೆ ಬರೋಣ. ಬಸ್ ನಿಲ್ದಾಣದಲ್ಲಿ ಅಂಧರೊಬ್ಬರು ತಮ್ಮ ನಾಯಿಯನ್ನು ಹೊಡೆಯುವುದನ್ನು ನೀವು ಕಂಡಿರೆಂದು ಭಾವಿಸಿ. ಓಡಿಹೋಗಿ ಹಾರ್ನೆಸ್ಸಿಗೆ ಕೈಹಾಕಬೇಡಿ. ವಾಹನಗಳ ನಡುವೆ ನಿಂತವರಿಗೆ ಅದು ಪ್ರಾಣಾಪಾಯ. ನಾಯಿಯ ಹೆಸರು ಕೂಗಿ ಕರೆಯಬೇಡಿ, ತಿಂಡಿ ತೋರಿಸಬೇಡಿ. ಸ್ವಲ್ಪ ದೂರದಲ್ಲಿ, ಅವರ ಎದುರಿಗೆ ನಿಂತು, ‘ನಮಸ್ಕಾರ ಸಾರ್, ನಾನು ಇಲ್ಲೇ ಹತ್ತಿರದವನು, ಮುಂದೆ ಚರಂಡಿ ತೆರೆದಿದೆ, ಅದಕ್ಕೇ ನಾಯಿ ನಿಂತಿದೆ’ ಎಂದು ನೀವು ಕಂಡದ್ದನ್ನು ಶಾಂತವಾಗಿ ಹೇಳಿ. ಎಷ್ಟೋ ಸಲ ಅಷ್ಟಕ್ಕೇ ವಿಷಯ ಮುಗಿಯುತ್ತದೆ. ಗುಂಪು ಕಟ್ಟಿ ಗದರಿಸುವುದು ಸರ್ವಥಾ ಕೂಡದು. ಅಂಗವಿಕಲರನ್ನು ಸಾರ್ವಜನಿಕವಾಗಿ ಅಪಮಾನಿಸುವ ಉದ್ದೇಶದಿಂದ ನಿಂದಿಸುವುದು, ಬೆದರಿಸುವುದು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 92ನೆಯ ಕಲಮಿನ ಮೇರೆಗೆ ಆರು ತಿಂಗಳಿಗೆ ಕಡಿಮೆಯಿಲ್ಲದ ಕಾರಾಗೃಹವಾಸಕ್ಕೆ ಗುರಿಮಾಡುವ ಅಪರಾಧ.

ಮಾತಿಗೆ ಬಗ್ಗದ ಕ್ರೌರ್ಯವಾದರೆ, ಅಥವಾ ನೆರೆಮನೆಯಲ್ಲಿ ದಿನವೂ ನಡೆಯುವ ಹಿಂಸೆಯಾದರೆ, ಬರೆದಿಡುವುದು ಮೊದಲ ಕೆಲಸ. ದಿನಾಂಕ, ಹೊತ್ತು, ಸ್ಥಳ, ಏನು ಕಂಡಿರಿ, ಜೊತೆಯಲ್ಲಿ ಯಾರಿದ್ದರು ಎಂಬುದನ್ನು ಅಂದಂದೇ ಗುರುತು ಹಾಕಿಕೊಳ್ಳಿ. ಸಾಧ್ಯವಾದರೆ ಮೊಬೈಲಿನಲ್ಲಿ ಚಿತ್ರೀಕರಿಸಿ, ಅದನ್ನು ಪೊಲೀಸರಿಗೋ ಸಂಸ್ಥೆಗೋ ಕೊಡಿ. ವಾಟ್ಸಾಪಿನಲ್ಲಿ ಊರೆಲ್ಲ ಹಂಚಬೇಡಿ. ನಾಯಿಯನ್ನು ಕೊಟ್ಟ ಸಂಸ್ಥೆಯ ಹೆಸರು ಹಾರ್ನೆಸ್ಸಿನ ಮೇಲೆ ಇದ್ದರೆ ಮೊದಲು ಅಲ್ಲಿಗೆ ತಿಳಿಸಿ. ತಕ್ಷಣದ ಅಪಾಯವಿದ್ದರೆ ಪೊಲೀಸರಿಗೆ 112. ಗಾಯಗೊಂಡಿದ್ದರೆ ಹೆಬ್ಬಾಳದ ಕಾಲೇಜು ಆಸ್ಪತ್ರೆಯಿದೆ. ಅಲ್ಲಿನ ವೈದ್ಯರು ಪರೀಕ್ಷಿಸಿ ಬರೆದುಕೊಟ್ಟ ಚೀಟಿ ಮುಂದೆ ನ್ಯಾಯಾಲಯದಲ್ಲಿ ತೂಕದ ಸಾಕ್ಷ್ಯವಾಗುತ್ತದೆ. ಕ್ರಿಸ್ಟಲ್ ರೋಜರ್ಸ್ ಎಂಬ ಆಂಗ್ಲ ಮಹಿಳೆ ತಮ್ಮ ವೃದ್ಧಾಪ್ಯದಲ್ಲಿ, 1991ರಲ್ಲಿ ಬೆಂಗಳೂರಿನಲ್ಲಿ ಕಟ್ಟಿದ ‘ಕ್ಯೂಪಾ’ ಸಂಸ್ಥೆಯೂ ಹೆಬ್ಬಾಳದಲ್ಲಿಯೇ ನೆಲೆಯೂರಿ ಬೆಳೆದದ್ದು. ನೊಂದ ಪ್ರಾಣಿಗಳ ಆಶ್ರಯ, ದೂರುಗಳ ಅನುಸರಣೆ ಇವುಗಳಲ್ಲಿ ಅದಕ್ಕೆ ದೀರ್ಘ ಅನುಭವವಿದೆ.

ಕಾನೂನಿನ ಬಲ ಎಷ್ಟೆಂಬುದನ್ನೂ ಉತ್ಪ್ರೇಕ್ಷೆಯಿಲ್ಲದೆ ತಿಳಿಯಬೇಕು. ರುಕ್ಮಿಣಿದೇವಿ ಅರುಂಡೇಲ್ ಅವರು ರಾಜ್ಯಸಭೆಯಲ್ಲಿ ಎತ್ತಿದ ಪ್ರಶ್ನೆಯಿಂದ ರೂಪುಗೊಂಡ 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯು, ಪ್ರಾಣಿಯನ್ನು ತನ್ನ ವಶದಲ್ಲಿಟ್ಟುಕೊಂಡ ಯಾರನ್ನೇ ಆಗಲಿ ‘ಒಡೆಯ’ ಎಂಬ ಪದದಲ್ಲಿ ಸೇರಿಸುತ್ತದೆ. ಆದುದರಿಂದ ನಾಯಿ ನನ್ನದಲ್ಲ, ನಾನು ಸಂಬಳಕ್ಕೆ ನೋಡಿಕೊಳ್ಳುವವನು ಎಂಬ ಸಮಾಧಾನ ನಡೆಯುವುದಿಲ್ಲ. ಹೊಡೆಯುವುದು, ಒದೆಯುವುದು, ಅತಿಯಾಗಿ ದುಡಿಸುವುದು, ಮುಪ್ಪು ರೋಗ ಹುಣ್ಣುಗಳಿಂದ ಅಯೋಗ್ಯವಾದ ಪ್ರಾಣಿಯಿಂದ ಕೆಲಸ ತೆಗೆಯುವುದು, ತೀರ ಗಿಡ್ಡ ಅಥವಾ ಭಾರವಾದ ಚೈನಿನಲ್ಲಿ ಬಹಳ ಹೊತ್ತು ಕಟ್ಟಿಹಾಕುವುದು, ಕಟ್ಟಿದ ನಾಯಿಯನ್ನು ಅಡ್ಡಾಡಿಸದಿರುವುದು, ಅನ್ನ ನೀರು ನೆರಳು ಕೊಡದಿರುವುದು, ಇವೆಲ್ಲವೂ 11ನೆಯ ಕಲಮಿನಲ್ಲಿ ಹೆಸರಿಸಿದ ಅಪರಾಧಗಳು. ಸರ್ವೋಚ್ಚ ನ್ಯಾಯಾಲಯವು 2014ರ ಜಲ್ಲಿಕಟ್ಟು ತೀರ್ಪಿನಲ್ಲಿ, ಹಸಿವು, ಭಯ, ದೈಹಿಕ ಸಂಕಟ, ನೋವು ಇವುಗಳಿಂದ ಮುಕ್ತಿಯೂ ಸಹಜವಾಗಿ ವರ್ತಿಸುವ ಸ್ವಾತಂತ್ರ್ಯವೂ ಪ್ರಾಣಿಗಳಿಗೆ ಸಲ್ಲತಕ್ಕವೆಂದು ಸಾರಿತು. ಇಷ್ಟಾದರೂ ಮೊದಲ ಅಪರಾಧಕ್ಕೆ 1960ರ ಕಾಯ್ದೆ ವಿಧಿಸಿರುವ ದಂಡ 10ರಿಂದ 50 ರೂಪಾಯಿ ಮಾತ್ರ. ಈ ಮೊತ್ತವನ್ನು ತಿದ್ದದೆ ಬಿಟ್ಟಿರುವುದು ಶಾಸನಸಭೆಗೆ ಶೋಭೆ ತರುವ ಸಂಗತಿಯಲ್ಲ. ಕೊಂದರೆ ಅಥವಾ ಅಂಗಹೀನ ಮಾಡಿದರೆ ಮಾತ್ರ ಭಾರತೀಯ ನ್ಯಾಯ ಸಂಹಿತೆಯ 325ನೆಯ ಕಲಮಿನ ಮೇರೆಗೆ ಐದು ವರ್ಷದವರೆಗೆ ಸೆರೆವಾಸ ಆಗಬಹುದು.

ದಂಡ ಸಣ್ಣದೆಂದು ದೂರು ವ್ಯರ್ಥವೆಂದು ತಿಳಿಯಬಾರದು. ಅಪರಾಧ ಸಿದ್ಧವಾಗಿ, ಪ್ರಾಣಿಯನ್ನು ಅಲ್ಲಿಯೇ ಬಿಟ್ಟರೆ ಮತ್ತೆ ಹಿಂಸೆಗೆ ಈಡಾದೀತೆಂದು ಕಂಡುಬಂದರೆ, ಪ್ರಾಣಿಹಿಂಸೆ ತಡೆ ಕಾಯ್ದೆಯ 29ನೆಯ ಕಲಮಿನಂತೆ ನ್ಯಾಯಾಲಯ ಅದರ ಒಡೆತನವನ್ನೇ ತಪ್ಪಿಸಬಹುದು. 35ನೆಯ ಕಲಮಿನಂತೆ ಮ್ಯಾಜಿಸ್ಟ್ರೇಟರು ಅದನ್ನು ಚಿಕಿತ್ಸಾಲಯಕ್ಕೆ ಕಳಿಸಿ ವೆಚ್ಚವನ್ನು ಒಡೆಯನಿಂದಲೇ ವಸೂಲು ಮಾಡಿಸಬಹುದು. ನಾಯಿಗೆ ಬೇಕಾದದ್ದು ಒಡೆಯನ ಐವತ್ತು ರೂಪಾಯಿ ಅಲ್ಲ, ಆ ಕೈಯಿಂದ ಬಿಡುಗಡೆ.

ಈ ಮಾತು ಅಂಧರ ನಾಯಿಗಿಂತಲೂ ಈಗ ನಮ್ಮ ಸುತ್ತಲಿರುವ ನಾಯಿಗಳಿಗೆ ತುರ್ತಾಗಿ ಬೇಕಾಗಿದೆ. ಉತ್ತರ ಬೆಂಗಳೂರಿನದೇ ಬಾಗಲೂರಿನ ಅಪಾರ್ಟ್‌ಮೆಂಟೊಂದರಲ್ಲಿ 2025ರಲ್ಲಿ, ನಾಯಿಗಳನ್ನು ನೋಡಿಕೊಳ್ಳಲು ನೇಮಿಸಿದ್ದವರೇ ಲಿಫ್ಟಿನೊಳಗೆ ಒಂದು ಮರಿಯನ್ನು ನೆಲಕ್ಕಪ್ಪಳಿಸಿ ಕೊಂದದ್ದು ಕ್ಯಾಮೆರಾದಲ್ಲಿ ದಾಖಲಾಗಿ ಬೆಳಕಿಗೆ ಬಂದಿತು. ಆ ಕ್ಯಾಮೆರಾ ಇಲ್ಲದಿದ್ದರೆ ಸತ್ಯ ತಿಳಿಯುತ್ತಿತ್ತೆ ಎಂಬುದು ಎಲ್ಲ ಸಾಕುವವರೂ ಕೇಳಿಕೊಳ್ಳಬೇಕಾದ ಪ್ರಶ್ನೆ. ನಾಯಿಯನ್ನು ಪರರ ಕೈಗೆ ಒಪ್ಪಿಸುವವರು ಆಗಾಗ ಮುನ್ಸೂಚನೆಯಿಲ್ಲದೆ ಮನೆಗೆ ಬಂದು ನೋಡಲಿ. ನೋಡಿಕೊಳ್ಳುವವರು ಬಂದಾಗ ನಾಯಿ ಓಡಿಬರುತ್ತದೆಯೋ ಅಡಗುತ್ತದೆಯೋ ಎಂಬುದನ್ನು ಗಮನಿಸಲಿ. ಕಾವಲುನಾಯಿಗಳನ್ನು ಬಾಡಿಗೆಗೆ ಪಡೆಯುವ ಕಾರ್ಖಾನೆ, ಗೋದಾಮುಗಳವರು ಸಂಬಳದ ಕರಾರಿನಲ್ಲಿ ನಾಯಿಯ ನೆರಳು, ನೀರು, ವಿಶ್ರಾಂತಿಯ ಹೊತ್ತು, ವೈದ್ಯರ ತಪಾಸಣೆ ಇವನ್ನೂ ಬರೆಯಿಸಲಿ. ನಿವಾಸಿಗಳ ಸಂಘಗಳು ದೂರುಪುಸ್ತಕದಲ್ಲಿ ನಾಯಿಗಳ ಬೊಗಳುವಿಕೆಯನ್ನು ಮಾತ್ರ ಬರೆದುಕೊಳ್ಳುತ್ತವೆ. ಅವುಗಳ ನರಳಾಟಕ್ಕೂ ಅದರಲ್ಲಿ ಒಂದು ಪುಟ ಸಲ್ಲಬೇಕು.

ಕಡೆಯದಾಗಿ, ಪ್ರಾಣಿಹಿಂಸೆ ತಡೆ ಕಾಯ್ದೆಯ 36ನೆಯ ಕಲಮನ್ನು ಓದುಗರು ಮರೆಯಬಾರದು. ಅಪರಾಧ ನಡೆದ ದಿನದಿಂದ ಮೂರು ತಿಂಗಳು ಕಳೆದರೆ ಈ ಕಾಯ್ದೆಯ ಅಡಿಯಲ್ಲಿ ಮೊಕದ್ದಮೆ ಹೂಡಲು ಬರುವುದಿಲ್ಲ. ಸಾಮಾನ್ಯವಾದ ಹೊಡೆತ, ಅಲಕ್ಷ್ಯಗಳಂಥ ಪ್ರಕರಣಗಳಲ್ಲಿ ಪೊಲೀಸರು ತನಿಖೆಗೆ ಮ್ಯಾಜಿಸ್ಟ್ರೇಟರ ಅಪ್ಪಣೆ ಪಡೆಯಬೇಕಾಗುವುದರಿಂದ ಆ ಅವಧಿಯಲ್ಲಿ ಕೆಲವು ವಾರಗಳು ಕಾಗದಪತ್ರಗಳಲ್ಲಿಯೇ ಕಳೆಯುತ್ತವೆ. ಕಂಡದ್ದನ್ನು ಇಂದೇ ಬರೆದಿಡಿ, ಈ ವಾರವೇ ಠಾಣೆಗೆ ಲಿಖಿತವಾಗಿ ಕೊಟ್ಟು ಸ್ವೀಕೃತಿ ಪಡೆಯಿರಿ.